ಇಂದಾಪುರದ ಕಬ್ಬಿನ ಗದ್ದೆ ಮತ್ತು ದೀಪಾವಳಿಯ ದಾನ

ದೀಪಾವಳಿಯ ಅಮಾವಾಸ್ಯೆಯ ನಸುಕಿನಲ್ಲಿ ಬಸದಿಗಳಲ್ಲಿ ನಿರ್ವಾಣ ಲಾಡು ಅರ್ಪಿತವಾಗುವ ದಿನಗಳ ಆಸುಪಾಸಿನಲ್ಲಿಯೇ ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನ ರಸ್ತೆಗಳ ಮೇಲೆ ಮತ್ತೊಂದು ಬಗೆಯ ಮೆರವಣಿಗೆ ಸಾಗಿರುತ್ತದೆ. ದಸರೆ ಮುಗಿಸಿ ಬೀಡ, ಅಹಿಲ್ಯಾನಗರ, ಧಾರಾಶಿವ, ಜಾಲನಾ ಜಿಲ್ಲೆಗಳ ಮಳೆಯಾಧಾರಿತ ಹಳ್ಳಿಗಳಿಂದ ಹೊರಟ ಕಬ್ಬು ಕಡಿಯುವ ಕುಟುಂಬಗಳು ಟ್ರ್ಯಾಕ್ಟರ್, ಲಾರಿಗಳಲ್ಲಿ ಪಾತ್ರೆಪಗಡ, ಜೋಳದ ಚೀಲ, ಆಡು-ಕೋಳಿ, ಮಕ್ಕಳ ಸಮೇತ ಬಂದಿಳಿಯುತ್ತವೆ. ಲಾಡಿನ ಸಕ್ಕರೆ ಎಲ್ಲಿಂದ ಬಂತೆಂದು ಹುಡುಕಹೊರಟವರು ಕೊನೆಗೆ ತಲುಪುವುದು ಇಂತಹ ಗದ್ದೆಗಳನ್ನೇ.

ಈ ಮಕ್ಕಳಿಗೆ ಮನೆಯೇ ಇಲ್ಲವೆನ್ನುವಂತಿಲ್ಲ. ಊರಿನಲ್ಲಿ ಬೀಗ ಹಾಕಿದ ಮನೆಯೊಂದಿದೆ. ಅದರ ಬಾಗಿಲಲ್ಲಿ ಕೆಲವೊಮ್ಮೆ ಒಬ್ಬ ಅಜ್ಜಿ ಇದ್ದಾಳೆ. ಆದರೆ ಅಕ್ಟೋಬರ್-ನವೆಂಬರಿನಿಂದ ಮಾರ್ಚ್-ಏಪ್ರಿಲ್‌ವರೆಗೆ, ಎಂದರೆ ವರ್ಷದ ಹೆಚ್ಚುಕಡಿಮೆ ಅರ್ಧಭಾಗ, ಅವರ ವಾಸ ಬೀಳುನೆಲದ ಮೇಲೆ ಸೋಗೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಬಿದಿರಿಗೆ ಹೊದಿಸಿದ ‘ಕೋಪಿ’ಯಲ್ಲಿ. ಒಂದು ಗದ್ದೆ ಮುಗಿದರೆ ಗುಡಿಸಲೂ ಕದಲುತ್ತದೆ. ತಂದೆತಾಯಿ ಬೆಳಗಿನ ಜಾವ ನಾಲ್ಕಕ್ಕೋ ಐದಕ್ಕೋ ಗದ್ದೆಗೆ ಇಳಿದರೆ ಹನ್ನೆರಡರ ಹುಡುಗಿ ತಮ್ಮತಂಗಿಯರಿಗೆ ತಾಯಿಯಾಗುತ್ತಾಳೆ. ಹದಿನಾಲ್ಕರ ಹುಡುಗ ಸೋಗೆ ಬಿಡಿಸಿ, ಹೊರೆ ಕಟ್ಟಿ, ಗಾಡಿಗೆ ಏರಿಸಲು ನಿಲ್ಲುತ್ತಾನೆ. ಮುಕಾದಮನು ಮುಂಗಡ ಕೊಡುವುದು ಗಂಡಹೆಂಡಿರ ಜೋಡಿಗೆ. ಆ ಜೋಡಿಗೇ ‘ಕೊಯ್ತಾ’ ಎಂದು, ಕೈಯಲ್ಲಿನ ಕತ್ತಿಯ ಹೆಸರೇ ಅಂಟಿಕೊಂಡಿದೆ. ಒಂಟಿ ಹುಡುಗನಿಗಿಂತ ಮದುವೆಯಾದ ಹುಡುಗನಿಗೆ ಮುಂಗಡ ಸಲೀಸಾದುದರಿಂದ, ಹದಿನೆಂಟು ತುಂಬುವ ಮೊದಲೇ ಹೆಣ್ಣುಮಕ್ಕಳ ಲಗ್ನವಾಗುವುದು ಈ ವ್ಯವಸ್ಥೆಯ ಒಳಗಿನಿಂದಲೇ ಹುಟ್ಟಿದ ಅನಿಷ್ಟ.

ಈಗ ರಜಾದಿನಗಳ ಸೇವೆಯ ಮಾತು. ದೀಪಾವಳಿಯ ಸೂಟಿಯಲ್ಲೋ ಡಿಸೆಂಬರಿನ ಕೊನೆಯ ವಾರದಲ್ಲೋ ನಗರದ ಯುವಕ ಮಂಡಲಗಳೂ ಮಹಿಳಾ ಮಂಡಲಗಳೂ ಇಂತಹ ಬಿಡಾರಗಳಿಗೆ ಹೋಗಿ ಕಂಬಳಿ, ಸಿಹಿ, ನೋಟುಪುಸ್ತಕ ಹಂಚಿ ಬರುವ ರೂಢಿ ಬೆಳೆಯುತ್ತಿದೆ. ಇದನ್ನು ಹಗುರಾಗಿ ಕಾಣಬೇಕಾದುದಿಲ್ಲ. ಭೀಮೆಯ ಬಯಲಿನ ಡಿಸೆಂಬರ್ ರಾತ್ರಿಯಲ್ಲಿ ಕಂಬಳಿ ಕಂಬಳಿಯೇ. ಆದರೆ ಹಂಗಾಮು ಐದಾರು ತಿಂಗಳಿನದು, ಸೇವೆ ಅರ್ಧ ದಿನದ್ದು. ಅಂದು ಹಂಚಿದ ನೋಟುಪುಸ್ತಕದ ಮೊದಲ ಪುಟ ಬರೆಸಲು ಮರುವಾರ ಯಾರೂ ಬಾರದಿದ್ದರೆ ಅದು ಒಲೆ ಹೊತ್ತಿಸಲು ಉಪಯೋಗಕ್ಕೆ ಬರುತ್ತದೆ, ಅಷ್ಟೆ. (ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆಯುವ ಛಾಯಾಚಿತ್ರಗಳ ವಿಷಯ ಇಲ್ಲಿ ಬೇಡ, ಯಾವ ಶ್ರಾವಕನೂ ತನ್ನ ಮಗಳನ್ನು ಹಾಗೆ ನಿಲ್ಲಿಸಲು ಒಪ್ಪಲಾರ.)

ಜೈನ ಸಮಾಜಕ್ಕೆ ಇಲ್ಲಿ ದಾನಕ್ಕಿಂತ ಹಿಂದಿನ ಒಂದು ಪ್ರಶ್ನೆಯಿದೆ. ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ಕಟ್ಟಿಹಾಕುವುದು ಒಂದು, ಶಕ್ತಿ ಮೀರಿದ ಭಾರ ಹೊರಿಸುವುದು ಇನ್ನೊಂದು. ಅತಿಭಾರಾರೋಪಣವೆಂಬ ಈ ಮಾತನ್ನು ಪ್ರವಚನಗಳಲ್ಲಿ ಎತ್ತು-ಕುದುರೆಗಳ ಉದಾಹರಣೆಯಿಂದಲೇ ವಿವರಿಸುವುದು ವಾಡಿಕೆ. ಆದ್ದರಿಂದಲೇ ಗೋಶಾಲೆಗೆ, ಪಾಂಜರಪೋಳಕ್ಕೆ ಹಣ ಧಾರಾಳವಾಗಿ ಹರಿಯುತ್ತದೆ. ಕಬ್ಬಿನ ಗಾಡಿ ಎಳೆದು ಬಸವಳಿದ ಎತ್ತಿಗೆ ಮುದಿವಯಸ್ಸಿನಲ್ಲಿ ಒಂದು ನೆರಳು ಸಿಗಬಹುದು. ಅದೇ ಗಾಡಿಗೆ ಹೊರೆ ಏರಿಸಿದ ಬಾಲಕನು ಹೊತ್ತದ್ದು ಭಾರವಲ್ಲವೇ? ವರ್ಷವರ್ಷವೂ ತೀರದೆ ಮುಂದಿನ ಹಂಗಾಮಿಗೆ ಎಳೆದೊಯ್ಯುವ ಮುಂಗಡವು ಬಂಧವಲ್ಲವೇ? ಸೂತ್ರಕಾರರು ಪಶುಗಳಿಗೆ ಮಾತ್ರವೆಂದು ಗಡಿ ಹಾಕಿಲ್ಲ.

ಇದಕ್ಕೆ ಸಮಾಜದೊಳಗೆ ಮೆಲುದನಿಯಲ್ಲಿ ಕೇಳಿಬರುವ ಒಂದು ಆಕ್ಷೇಪವಿದೆ: ಆ ಕುಟುಂಬಗಳು ಮಾಂಸಾಹಾರಿಗಳು, ಅವರಿಗೆ ಕೊಟ್ಟ ದಾನ ಪಾತ್ರದಾನವಾಗುವುದು ಹೇಗೆ? ಜಿನಸೇನಾಚಾರ್ಯರ ಆದಿಪುರಾಣವು ದತ್ತಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಪಾತ್ರದತ್ತಿಯಿಂದ ದಯಾದತ್ತಿಯನ್ನು ಬೇರೆಯಾಗಿಯೇ ಇರಿಸಿದೆ. ಮುನಿಗೆ ಆಹಾರ ಕೊಡುವಾಗ ಕೇಳುವ ಪ್ರಶ್ನೆಗಳನ್ನು ಮರುಕಕ್ಕೆ ಯೋಗ್ಯವಾದ ಜೀವದ ಮುಂದೆ ಕೇಳುವುದಿಲ್ಲ. ಆಕ್ಷೇಪವು ಶಾಸ್ತ್ರದ್ದಲ್ಲ, ಸಂಕೋಚದ್ದು.

ಆ ಸಂಕೋಚವನ್ನು ನೂರು ವರ್ಷಗಳ ಹಿಂದೆಯೇ ಮುರಿದವರು ಕರ್ಮವೀರ ಭಾವುರಾವ್ ಪಾಟೀಲರು. 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಈ ಜೈನ ಗೃಹಸ್ಥರ ಪೂರ್ವಜರು ಮೂಡಬಿದಿರೆಯ ಕಡೆಯವರೆಂಬ ಮಾತಿದೆ. ಕೊಲ್ಹಾಪುರದ ಜೈನ ವಸತಿಗೃಹದಲ್ಲಿ ಓದುತ್ತಿದ್ದಾಗ, ಅಸ್ಪೃಶ್ಯ ಮಕ್ಕಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದುದಕ್ಕೆ ಶುದ್ಧಿಸ್ನಾನ ಮಾಡಬೇಕೆಂದಾಗ ಅವರು ಒಪ್ಪದೆ ಅಲ್ಲಿಂದ ಹೊರಬೀಳಬೇಕಾಯಿತೆಂದು ಚರಿತ್ರಕಾರರು ಬರೆದಿದ್ದಾರೆ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರಾದಲ್ಲಿ ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಬಡಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಭೇಟಿಯಿತ್ತರು. ಮಕ್ಕಳಿಗೆ ಧಾನ್ಯವಿಲ್ಲದ ದಿನ ಪತ್ನಿ ಲಕ್ಷ್ಮೀಬಾಯಿಯವರು ಒಡವೆಗಳನ್ನೂ ಕಡೆಗೆ ಮಂಗಳಸೂತ್ರವನ್ನೂ ಕೊಟ್ಟರು. ಅವರು ಮಕ್ಕಳ ಬಳಿಗೆ ಹಬ್ಬಕ್ಕೊಮ್ಮೆ ಹೋದವರಲ್ಲ; ಮಕ್ಕಳನ್ನು ತಮ್ಮ ಮನೆಗೇ ತಂದುಕೊಂಡವರು. ಸಮಾಜವು ಅವರ ಜಯಂತಿಯನ್ನು ಆಚರಿಸುವಷ್ಟು ಸುಲಭವಾಗಿ ಅವರ ಕೆಲಸವನ್ನು ಮುಂದುವರಿಸಿಲ್ಲ.

ಇಂದಾಪುರಕ್ಕೂ ಜೈನರಿಗೂ ಇರುವ ನಂಟು ಹೊರಗಿನವರ ಕರುಣೆಯ ನಂಟಷ್ಟೇ ಅಲ್ಲ. ತಾಲ್ಲೂಕಿನ ವಾಲಚಂದನಗರಕ್ಕೆ ಸೋಲಾಪುರದ ದಿಗಂಬರ ಜೈನ ಮನೆತನದ ಉದ್ಯಮಿ ವಾಲಚಂದ ಹೀರಾಚಂದರ ಹೆಸರು. 1930ರ ದಶಕದಲ್ಲಿ ಅಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ಇಂದು ತಾಲ್ಲೂಕಿನಲ್ಲಿ ಭವಾನಿನಗರದ ಛತ್ರಪತಿ, ಕರ್ಮಯೋಗಿ ಶಂಕರರಾವ್ ಪಾಟೀಲ, ನೀರಾ-ಭೀಮಾ ಮೊದಲಾದ ಸಹಕಾರಿ ಕಾರ್ಖಾನೆಗಳಿವೆ. ಸಾಂಗಲಿ, ಕೊಲ್ಹಾಪುರ, ಬೆಳಗಾವಿ ಜಿಲ್ಲೆಗಳಲ್ಲಂತೂ ಕಬ್ಬು ಬೆಳೆಯುವ ಜೈನ ರೈತರ ಸಂಖ್ಯೆ ಸಣ್ಣದಲ್ಲ. ಅವರಲ್ಲಿ ಅನೇಕರು ತಮ್ಮ ಕಡೆಯ ಕಾರ್ಖಾನೆಗಳ ಷೇರುದಾರ ಸದಸ್ಯರು. ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಕಬ್ಬಿನ ದರದ ಬಗ್ಗೆ ಎದ್ದು ನಿಂತು ಗುಡುಗುವ ಸದಸ್ಯನು, ಗದ್ದೆಯಂಚಿನ ಬಿಡಾರಕ್ಕೆ ನೀರು, ಶೌಚಾಲಯ, ಮಕ್ಕಳಿಗೆ ಶಾಲೆಯ ವಾಹನ ಉಂಟೇ ಎಂದೂ ಕೇಳಬಹುದು. ಕಬ್ಬು ಕಾರ್ಮಿಕರ ಕ್ಷೇಮಕ್ಕಾಗಿ ಮಹಾರಾಷ್ಟ್ರ ಸರಕಾರವು ಗೋಪೀನಾಥ ಮುಂಡೆಯವರ ಹೆಸರಿನಲ್ಲಿ ಮಂಡಳಿಯೊಂದನ್ನು ರಚಿಸಿದೆ. ಕಾರ್ಖಾನೆಗಳು ಅದಕ್ಕೆ ನುರಿಸಿದ ಟನ್ನಿಗೆ 10 ರೂಪಾಯಿಯಂತೆ ಸಲ್ಲಿಸಬೇಕೆಂಬ ತೀರ್ಮಾನವೂ ಆಗಿದೆ. ಸಲ್ಲಿಕೆಯಾಯಿತೇ, ಯಾವುದಕ್ಕೆ ವ್ಯಯವಾಯಿತು ಎಂದು ಲೆಕ್ಕ ಕೇಳುವುದು ಸದಸ್ಯನ ಹಕ್ಕು. ಒಂದು ಟೆಂಪೊ ತುಂಬ ಕಂಬಳಿಗಿಂತ ಇಂತಹ ಒಂದು ಪ್ರಶ್ನೆ ಹೆಚ್ಚು ಮಕ್ಕಳನ್ನು ತಲುಪೀತು, ಆದರೆ ಅದಕ್ಕೆ ಸ್ವಲ್ಪ ಧೈರ್ಯ ಬೇಕು.

ಕಾನೂನು ಮಕ್ಕಳ ಪಕ್ಷದಲ್ಲಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ವಲಸೆ ಕುಟುಂಬಗಳ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದೆ. ಊರು ಬಿಡುವ ಮಗುವಿಗೆ ಅಲ್ಲಿನ ಶಾಲೆಯಿಂದ ‘ಶಿಕ್ಷಣ ಹಮಿ ಕಾರ್ಡ್’ ಎಂಬ ಚೀಟಿ ಸಿಗಬೇಕು. ಹೋದ ಊರಿನ ಜಿಲ್ಲಾ ಪರಿಷತ್ ಶಾಲೆಯಲ್ಲಿ ಅದನ್ನು ತೋರಿಸಿ ಕುಳಿತುಕೊಳ್ಳಬಹುದು. ಊರಿನಲ್ಲಿಯೇ ಉಳಿಯುವ ಮಕ್ಕಳಿಗೆ ಹಂಗಾಮಿ ವಸತಿಗೃಹಗಳ ಯೋಜನೆಯೂ ಇದೆ. ಕಾಗದದ ಮೇಲಿನ ಈ ವ್ಯವಸ್ಥೆಗೂ ಕೋಪಿಗೂ ನಡುವೆ ಎರಡೋ ಮೂರೋ ಕಿಲೋಮೀಟರ್ ಮಣ್ಣುದಾರಿಯಿದೆ, ಕಳೆದುಹೋದ ಚೀಟಿಯಿದೆ, ಹೊಸ ಶಾಲೆಯಲ್ಲಿ ಹಿಂದಿನ ಬೆಂಚಿನ ಅವಮಾನವಿದೆ, ಕಂಕುಳಿಂದ ಇಳಿಯದ ತಂಗಿಯಿದ್ದಾಳೆ. ಸ್ವಯಂಸೇವಕರ ಕೆಲಸ ಆ ದಾರಿಯ ಮೇಲೆ.

ಪುಣೆಯಿಂದ ಇಂದಾಪುರಕ್ಕೆ ಸೋಲಾಪುರ ಹೆದ್ದಾರಿಯಲ್ಲಿ ಸುಮಾರು 135 ಕಿಲೋಮೀಟರ್. ಪುಣೆಯ ಹತ್ತು ಕನ್ನಡ ಜೈನ ಕುಟುಂಬಗಳು ಸರದಿ ಹಾಕಿಕೊಂಡರೆ ಒಂದು ಬಿಡಾರಕ್ಕೆ ವಾರಕ್ಕೊಮ್ಮೆ ಹೋಗಿಬರುವುದು ಭಾರವಾಗದು. ಒಂದು ಕುಟುಂಬದ ಪಾಲಿಗೆ ಹಂಗಾಮಿನಲ್ಲಿ ಎರಡೋ ಮೂರೋ ಭಾನುವಾರ ಬಂದಾವು. ಉತ್ತರ ಕರ್ನಾಟಕದ ತಾಂಡಾಗಳಿಂದಲೂ ಕುಟುಂಬಗಳು ಮಹಾರಾಷ್ಟ್ರದ ಗದ್ದೆಗಳಿಗೆ ಬರುವುದುಂಟು. ಮರಾಠಿ ಶಾಲೆಯಲ್ಲಿ ಮಾತು ಸೋತ ಅಂತಹ ಮಕ್ಕಳಿಗೆ ಕನ್ನಡ ಬಲ್ಲ ಅಕ್ಕನೊಬ್ಬಳು ಸಿಗುವುದು ಯಾವ ಸರಕಾರಿ ಯೋಜನೆಯಲ್ಲಿಯೂ ಇಲ್ಲದ ಲಾಭ. ದೂರದ ಊರುಗಳಲ್ಲಿರುವವರು ತಮ್ಮ ಸಮೀಪದ ಇಟ್ಟಿಗೆ ಭಟ್ಟಿಯನ್ನೋ ಕಟ್ಟಡ ಕೆಲಸದ ಶೆಡ್ಡುಗಳನ್ನೋ ನೋಡಿಕೊಳ್ಳಬಹುದು; ಅಲ್ಲಿಯೂ ಇದೇ ಮಕ್ಕಳು.

ನವೆಂಬರಿನಲ್ಲಿ ಮೊದಲು ಮಾಡಬೇಕಾದುದು ಹೆಸರುಗಳ ಪಟ್ಟಿ: ಯಾವ ಊರು, ಯಾವ ತರಗತಿ, ಕಾರ್ಡ್ ಇದೆಯೇ ಇಲ್ಲವೇ. ಅದನ್ನು ಹಿಡಿದು ಹತ್ತಿರದ ಶಾಲೆಯ ಮುಖ್ಯಾಧ್ಯಾಪಕರ ಮುಂದೆ ಕೂರಬೇಕು. ಮಾರ್ಚಿನಲ್ಲಿ ಕಾರ್ಖಾನೆಯ ಬಾಯ್ಲರ್ ಆರುವ ಹೊತ್ತಿಗೆ ಅದೇ ಪಟ್ಟಿಯನ್ನು ತೆಗೆದು, ಹಾಜರಿಯ ದಾಖಲೆಯೊಡನೆ ಮಗು ಊರಿಗೆ ಮರಳಿತೇ ಎಂದು ನೋಡಬೇಕು. ಇಲ್ಲವಾದರೆ ಜೂನ್‌ನಲ್ಲಿ ಅದು ಮತ್ತೆ ಹಿಂದಿನ ತರಗತಿಯಲ್ಲಿಯೇ ಕುಳಿತಿರುತ್ತದೆ.