ತರ್ಕಕ್ಕೂ ಇಂಗ್ಲಿಷೇ ಬೇಕಂತೆ, ಕೇಳಿದಿರಾ?

ತಮ್ಮಂದಿರೇ, ತಂಗಿಯರೇ, ಮೊದಲು ಒಂದು ಪ್ರಶ್ನೆ ಬಿಡಿಸಿ. ಪೆನ್ನು ಪೇಪರು ಬೇಡ, ತಲೆ ಸಾಕು.

ಹೋಟೆಲಿನವನೊಬ್ಬ ದೋಸೆಗೆ ಹತ್ತು ರೂಪಾಯಿ ಏರಿಸಿದ. ಮುಂದಿನ ತಿಂಗಳು ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾದರು. 'ರೇಟು ಏರಿಸಿದ್ದಕ್ಕೇ ಗಿರಾಕಿ ಓಡಿಹೋದರು' ಎಂದ ಅವನ ಭಾಮೈದ. ಈ ವಾದವನ್ನು ಹೆಚ್ಚು ದುರ್ಬಲ ಮಾಡುವುದು ಯಾವುದು? ಒಂದು, ಆ ಹೋಟೆಲಿನ ಚಟ್ನಿ ಊರಿಗೇ ಪ್ರಸಿದ್ಧ. ಎರಡು, ಭಾಮೈದನಿಗೆ ಹೋಟೆಲ್ ವ್ಯಾಪಾರದ ಗಂಧವೇ ಇಲ್ಲ. ಮೂರು, ಅದೇ ತಿಂಗಳು ಒಳಚರಂಡಿಗೆಂದು ಆ ಬೀದಿಯನ್ನು ಅಗೆದುಹಾಕಿದ್ದರು. ನಾಲ್ಕು, ಅಕ್ಕಿ ಉದ್ದಿನ ಬೆಲೆಯೂ ಏರಿತ್ತು.

ಮೂರು ಎಂದಿರಾ? ಶಭಾಷ್! ಚಟ್ನಿಗೂ ವಾದಕ್ಕೂ ಸಂಬಂಧವಿಲ್ಲ. ಭಾಮೈದನನ್ನು ಬೈದರೆ ಅವನ ವಾದ ಬೀಳುವುದಿಲ್ಲ. ಅಕ್ಕಿ ಉದ್ದಿನ ಮಾತು ರೇಟು ಯಾಕೆ ಏರಿತು ಎಂದು ಹೇಳುತ್ತದೆಯೇ ಹೊರತು ಗಿರಾಕಿ ಯಾಕೆ ಹೋದರು ಎಂದು ಹೇಳುವುದಿಲ್ಲ. ಬೀದಿ ಅಗೆದದ್ದು ಮಾತ್ರ ಇನ್ನೊಂದು ಕಾರಣವನ್ನು ಎದುರಿಗಿಡುತ್ತದೆ. ಅಷ್ಟೇ ವಿಷಯ. ಇದಕ್ಕೆ ಅವರಿಟ್ಟ ಹೆಸರು ಲಾಜಿಕಲ್ ರೀಸನಿಂಗ್. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಂಥ ಕಡೆ ಸೀಟು ಬೇಕೆಂದರೆ ಬರೆಯಬೇಕಾದ ಕ್ಲಾಟ್ ಪರೀಕ್ಷೆಯಲ್ಲಿ ಇಂಥ 22ರಿಂದ 26 ಪ್ರಶ್ನೆಗಳು ಬರುತ್ತವೆ. ಒಟ್ಟು 120 ಪ್ರಶ್ನೆ, 120 ನಿಮಿಷ, ತಪ್ಪಿದರೆ ಕಾಲು ಅಂಕ ಕಟ್.

ಆದರೆ ನೀವು ಈಗ ದೋಸೆಯ ಲೆಕ್ಕ ಬಿಡಿಸಿದ್ದು ಕನ್ನಡದಲ್ಲಿ. ಅಲ್ಲಿ ಕನ್ನಡಕ್ಕೆ ಪ್ರವೇಶವಿಲ್ಲ! 2008ರಲ್ಲಿ ಕ್ಲಾಟ್ ಶುರುವಾದಂದಿನಿಂದ 2025ರ ಡಿಸೆಂಬರ್‌ನ ಪರೀಕ್ಷೆಯವರೆಗೂ ಇಂಗ್ಲಿಷ್ ಒಂದೇ. ಸುಮಾರು 450 ಪದಗಳ ಇಂಗ್ಲಿಷ್ ಗದ್ಯ ಕೊಡುತ್ತಾರೆ, ಅದರ ಬೆನ್ನಿಗೆ ಪ್ರಶ್ನೆಗಳು. ಓದುವ ಹೊತ್ತೂ ಆ ಒಂದೊಂದು ನಿಮಿಷದೊಳಗೇ ಸೇರಿದೆ. ಇದು ತರ್ಕದ ಪರೀಕ್ಷೆಯೋ, ಇಂಗ್ಲಿಷ್ ಓಟದ ಪಂದ್ಯವೋ?

ಈ ವಿಷಯ ನನ್ನ ತಲೆಗೆ ಹತ್ತಿದ್ದು ಪ್ರೆಸ್ಸಿನಲ್ಲಿ. ನಾನು ಓದಿದ್ದು ಪಿಯುಸಿ. ಕೋರ್ಟು ಕಂಡಿದ್ದರೆ ಅದು ಚೆಕ್ ಬೌನ್ಸ್ ಕೇಸಿನಲ್ಲಿ. ಒಂದು ಕೋಚಿಂಗ್ ಸೆಂಟರಿನವರು, ಹೆಸರು ಬೇಡ ಬಿಡಿ, ನಮ್ಮಲ್ಲಿ ಕರಪತ್ರ ಅಚ್ಚು ಹಾಕಿಸಿದರು. ಕರಪತ್ರ ಅಚ್ಚಗನ್ನಡದಲ್ಲಿ! 'ನಿಮ್ಮ ಮಗುವೂ ವಕೀಲನಾಗಬಹುದು' ಎಂದು ದಪ್ಪಕ್ಷರ. ನಮ್ಮ ಆಫ್‌ಸೆಟ್ ಮೆಷಿನ್ ನಡೆಸುವವರು ಅದನ್ನು ಓದಿ ಆಸೆಪಟ್ಟು ಮಗನನ್ನು ಕರೆದುಕೊಂಡು ಹೋದರು. ಹುಡುಗ ಎಸ್ಸೆಸ್ಸೆಲ್ಸಿವರೆಗೆ ಸರ್ಕಾರಿ ಕನ್ನಡ ಶಾಲೆ, ಪಿಯುಸಿಯಲ್ಲಿ ಫಸ್ಟ್ ಕ್ಲಾಸ್. ಅಲ್ಲಿ ಅವನಿಗೆ ಸಿಕ್ಕ ತೀರ್ಪು: 'ನಿನ್ನ ಇಂಗ್ಲಿಷ್ ವೀಕು, ಆದ್ದರಿಂದ ನಿನಗೆ ರೀಸನಿಂಗ್ ಹತ್ತಲ್ಲ.'

ಬನ್ನಿ, ಈ ಮಾತನ್ನೇ ಅವರ ಪರೀಕ್ಷೆಯ ಕಲ್ಲಿಗೆ ಉಜ್ಜಿ ನೋಡೋಣ. ಮೊದಲು ತೀರ್ಮಾನ ಹುಡುಕಿ. 'ಆದ್ದರಿಂದ' ಎಂಬುದರ ಬೆನ್ನಿಗಿದೆ: ರೀಸನಿಂಗ್ ಹತ್ತಲ್ಲ. ಆಮೇಲೆ ಕಾರಣ: ಇಂಗ್ಲಿಷ್ ವೀಕು. ಎರಡರ ನಡುವೆ ಒಂದು ಹಳ್ಳ ಇದೆ, ಕಾಣಿಸಿತೇ? ಆ ಹಳ್ಳಕ್ಕೆ ಅವರು ಬಾಯಿಬಿಟ್ಟು ಹೇಳದೆ ಹಾಕಿದ ಹಲಗೆಯೇ ಗೃಹೀತ: 'ಇಂಗ್ಲಿಷ್ ಇಲ್ಲದೆ ತರ್ಕವಿಲ್ಲ.' ಗೃಹೀತ ಸರಿಯಾಗಿ ಹಿಡಿದಿದ್ದೀರೋ ಇಲ್ಲವೋ ತಿಳಿಯಲು ಉಪಾಯವೊಂದಿದೆ. ಅದನ್ನು ತಿರುವಿ ಹಾಕಿ: 'ಇಂಗ್ಲಿಷ್ ಇಲ್ಲದೆಯೂ ತರ್ಕವಿದೆ.' ಈಗ ವಾದ ನಿಂತಿತೇ? ದಬಕ್ಕನೆ ಬಿತ್ತು! ತಿರುವಿ ಹಾಕಿದಾಗ ವಾದ ಬಿದ್ದರೆ ಅದೇ ಗೃಹೀತ. ಇದನ್ನು ಕಲಿಸಲಿಕ್ಕೇ ಅವರು ಫೀಸು ವಸೂಲಿ ಮಾಡುವುದು.

ನಾನು ಸುಮ್ಮನಿರಲಿಲ್ಲ. ಆ ಸೆಂಟರಿನದೇ ಪ್ರಶ್ನೆಗಳಲ್ಲಿ ಹತ್ತನ್ನು ನನ್ನ ಭಾವನವರ ಕೈಲಿ ಕನ್ನಡಕ್ಕೆ ಮಾಡಿಸಿ ಹುಡುಗನ ಮುಂದಿಟ್ಟೆ. ಹನ್ನೆರಡು ನಿಮಿಷದಲ್ಲಿ ಎಂಟು ಸರಿ. ಇನ್ನು ಹತ್ತನ್ನು ಇಂಗ್ಲಿಷ್‌ನಲ್ಲೇ ಕೊಟ್ಟೆ. ಅದೇ ಹನ್ನೆರಡು ನಿಮಿಷದಲ್ಲಿ ಐದನೆಯದಕ್ಕೆ ಬಂದು ಬೆವರು ಒರೆಸಿಕೊಂಡ. 'ಸಾರ್, ಉತ್ತರ ಯೋಚನೆ ಮಾಡೋಕೆ ಟೈಮೇ ಸಿಗಲ್ಲ, ಓದೋದ್ರಲ್ಲೇ ಹೋಗುತ್ತೆ' ಎಂದ. (ಒಬ್ಬ ಹುಡುಗನನ್ನು ನೋಡಿ ಇಡೀ ನಾಡಿಗೆ ತೀರ್ಪು ಕೊಟ್ಟರೆ ಅದೂ ತರ್ಕದೋಷವೇ, ಗೊತ್ತು. ಆದರೆ ಒಬ್ಬನನ್ನೂ ಪರೀಕ್ಷಿಸದೆ ತೀರ್ಪು ಕೊಟ್ಟವರು ಯಾರು?)

ಕನ್ನಡದಲ್ಲಿ ತರ್ಕಕ್ಕೆ ಪದವಿಲ್ಲ ಎನ್ನುವ ಮಹಾಶಯರಿದ್ದಾರೆ. ನಮ್ಮ ಪ್ರೆಸ್ಸಿಗೆ ಬನ್ನಿ ಸ್ವಾಮಿ. 'ಇಂಕು ಒಣಗಿದರೆ ಮಾತ್ರ ಕಟಿಂಗಿಗೆ ಹಾಕು' ಎಂದರೆ, ಒಣಗಿದ್ದನ್ನೆಲ್ಲ ಕತ್ತರಿಸಬೇಕು ಎಂದಲ್ಲ. ಇನ್ನೊಂದು ಬದಿ ಅಚ್ಚಾಗದೇ ಇರಬಹುದು. 'ಮಾತ್ರ' ಎಂದರೆ ಅದು ಬೇಕೇ ಬೇಕು, 'ಸಾಕು' ಎಂದರೆ ಅದೊಂದಿದ್ದರೆ ಆಯಿತು. ಇಂಗ್ಲಿಷ್‌ನ 'ಓನ್ಲಿ ಇಫ್', 'ಅನ್‌ಲೆಸ್'ಗಳಲ್ಲಿ ಕಾನ್ವೆಂಟ್ ಮಕ್ಕಳೂ ಎಡವುವುದು ಈ ವ್ಯತ್ಯಾಸದಲ್ಲೇ. ಬೈಂಡಿಂಗ್ ಮಾಡುವ ನಮ್ಮ ಅಕ್ಕನವರು ಇದರಲ್ಲಿ ಒಂದು ದಿನವೂ ಎಡವಿಲ್ಲ.

ಹಿಂದೂ ಆಸ್ತಿ ಹಂಚಿಕೆಗೆ ಬಂಗಾಳದ ಕಡೆ ಬಿಟ್ಟು ಬಹುತೇಕ ಭಾರತ ಶತಮಾನಗಳ ಕಾಲ ಆಧಾರವಾಗಿ ಹಿಡಿದ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ಎಲ್ಲಿ? ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ನಮ್ಮ ಬಸವಕಲ್ಯಾಣದಲ್ಲಿ. ಬರೆದದ್ದು ಸಂಸ್ಕೃತದಲ್ಲಿ, ಒಪ್ಪಿದೆ. ಇಂಗ್ಲಿಷ್‌ನಲ್ಲಂತೂ ಅಲ್ಲವಲ್ಲ!

ಇನ್ನು ಇವರ ವ್ಯವಸ್ಥೆಯ ತರ್ಕ ನೋಡಿ. ಡಾಕ್ಟರಾಗಲು ಬರೆಯುವ ನೀಟ್ 2017ರಿಂದ ಕನ್ನಡದಲ್ಲೂ ಇದೆ. ಎಂಜಿನಿಯರಾಗಲು ಬರೆಯುವ ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇದೆ. ಲಾ ಮುಗಿಸಿದವರು ವಕೀಲಿಕೆಗೆ ಬರೆಯಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಯೂ ಕನ್ನಡದಲ್ಲಿದೆ. ಅಂದರೆ ಹೊರಗೆ ಹೋಗುವ ಬಾಗಿಲಲ್ಲಿ ಕನ್ನಡ ನಡೆಯುತ್ತದೆ, ಒಳಗೆ ಬರುವ ಬಾಗಿಲಲ್ಲಿ ನಡೆಯುವುದಿಲ್ಲ! 2023ರಲ್ಲಿ ಇದೇ ಪ್ರಶ್ನೆ ದೆಹಲಿ ಹೈಕೋರ್ಟಿಗೆ ಹೋದಾಗ ವಕೀಲರ ಪರಿಷತ್ತೇ ಬೇರೆ ಭಾಷೆಗಳ ಪರ ನಿಂತಿತು. ಪರೀಕ್ಷೆ ನಡೆಸುವ ಕಾನೂನು ವಿ.ವಿ.ಗಳ ಒಕ್ಕೂಟ ಮಾತ್ರ ವಿರೋಧಿಸಿತು. ಇಂಗ್ಲಿಷ್‌ನಲ್ಲಾದರೂ ಅವರು ಲೋಪವಿಲ್ಲದೆ ನಡೆಸುತ್ತಾರೆಯೇ? 2024ರ ಡಿಸೆಂಬರ್‌ನ ಪರೀಕ್ಷೆಯಲ್ಲಿ ಅವರು ಸರಿಯೆಂದು ಪ್ರಕಟಿಸಿದ ಕೆಲವು ಉತ್ತರಗಳನ್ನು ತಿದ್ದಲು ದೆಹಲಿ ಹೈಕೋರ್ಟ್ ಬೇಕಾಯಿತು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೂ ಬೇಕಾಯಿತು.

ನಾಗರಭಾವಿಯ ಶಾಲೆಯಲ್ಲಿ 2021ರಿಂದ ಶೇ. 25 ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆ ಎಂದು ನಾವೆಲ್ಲ ಸಂತೋಷಪಟ್ಟೆವು. ಕರ್ನಾಟಕದ ವಿದ್ಯಾರ್ಥಿ ಎಂದರೆ ಇಲ್ಲಿ ಹತ್ತು ವರ್ಷ ಓದಿರಬೇಕು. ಯಾವ ಭಾಷೆಯಲ್ಲಿ ಎಂದು ಕೇಳುವುದಿಲ್ಲ. ಪರೀಕ್ಷೆ ಇಂಗ್ಲಿಷ್‌ನಲ್ಲೇ ಇರುವಾಗ ಆ ಸೀಟಿನ ಹತ್ತಿರ ಸುಳಿಯುವವರು ಬೆಂಗಳೂರಿನ ದುಬಾರಿ ಶಾಲೆಯವರೋ, ಕುಷ್ಟಗಿಯ ಕನ್ನಡ ಶಾಲೆಯವರೋ? ಬಿಡಿಸಿ ನೋಡಿ, ಇದಕ್ಕೆ ನಾಲ್ಕು ಆಯ್ಕೆ ಬೇಕಿಲ್ಲ.

ಬೈಯುವ ಸರದಿ ಈಗ ನಮ್ಮದು. ಇಪ್ಪತ್ತು ವರ್ಷದಲ್ಲಿ ನಾನು ರಾಜ್ಯೋತ್ಸವದ ಪೋಸ್ಟರು ಎಷ್ಟು ಹಾಕಿದ್ದೇನೋ ಲೆಕ್ಕವಿಲ್ಲ. ಕ್ಲಾಟ್‌ಗೆ ಓದುವ ಹುಡುಗರಿಗೆ ಕನ್ನಡದಲ್ಲಿ ತರ್ಕ ಕಲಿಸುವ ಒಂದು ಪುಸ್ತಕ ಅಚ್ಚು ಹಾಕಿಕೊಡಿ ಎಂದು ಒಂದು ಸಂಘವೂ ನನ್ನ ಬಾಗಿಲಿಗೆ ಬಂದಿಲ್ಲ. ನನಗೂ ಹೊಳೆದಿರಲಿಲ್ಲ.

ಪರೀಕ್ಷೆ ಕನ್ನಡಕ್ಕೆ ಬರುವವರೆಗೆ ಕೈಕಟ್ಟಿ ಕೂರಬೇಡಿ. ದಿನಾ ಪತ್ರಿಕೆಯ ಸಂಪಾದಕೀಯ ಹಿಡಿಯಿರಿ. ತೀರ್ಮಾನಕ್ಕೆ ಕೆಂಪು ಗೆರೆ, ಕಾರಣಕ್ಕೆ ನೀಲಿ ಗೆರೆ ಎಳೆಯಿರಿ. ನಡುವಿನ ಗೃಹೀತವನ್ನು ಅಂಚಿನಲ್ಲಿ ಬರೆಯಿರಿ. ಬರೆದವರ ಅಭಿಪ್ರಾಯ ನಿಮಗೆ ಹಿಡಿಸದಿದ್ದರೂ ಅವರು ಹೇಳಿದ್ದರೊಳಗೇ ನಿಲ್ಲಿ. ಹೊರಗಿನ ಜ್ಞಾನ ತಂದು ತುರುಕಿದರೆ ಅಂಕ ಹೋಗುತ್ತದೆ. ತಿಂಗಳೊಪ್ಪತ್ತು ಕನ್ನಡದಲ್ಲಿ ಕೈ ಕುದುರಿದ ಮೇಲೆ ಅದೇ ಕೆಲಸ ಇಂಗ್ಲಿಷ್ ಪತ್ರಿಕೆಯಲ್ಲಿ ಮಾಡಿ, ಗಡಿಯಾರ ಎದುರಿಗಿಟ್ಟುಕೊಂಡು. ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಅದು ಬರುವವರೆಗೆ ನಿಮಗೆ ಬುದ್ಧಿಯೇ ಇಲ್ಲ ಎನ್ನುವವನ ಮಾತು ನಂಬಬೇಡಿ ಎನ್ನುತ್ತಿದ್ದೇನೆ.

ನಮ್ಮ ಹುಡುಗ 2025ರ ಡಿಸೆಂಬರ್‌ನಲ್ಲಿ ಬರೆದ. 120ರಲ್ಲಿ 71 ಪ್ರಶ್ನೆ ಮುಟ್ಟಿದ, ಉಳಿದದ್ದನ್ನು ಓದಲಿಕ್ಕೇ ಆಗಲಿಲ್ಲ. ಸೀಟು ಸಿಗಲಿಲ್ಲ. ಈಗ ಸಂಜೆ ಆರಕ್ಕೆ ಪ್ರೆಸ್ಸಿಗೆ ಬಂದು ಪ್ರಶ್ನೆಗಳನ್ನು ಕನ್ನಡದಲ್ಲಿ ತಾನೇ ಕಟ್ಟುತ್ತಾನೆ. ಇದುವರೆಗೆ ನೂರಾನಲವತ್ತು ಆಗಿವೆ. ಪೇಪರು, ಇಂಕು, ಅಚ್ಚಿನ ಕೂಲಿ ನನ್ನದು. ಪ್ರಶ್ನೆ ಕಟ್ಟಲು ಇನ್ನೂ ನಾಲ್ಕು ಜನ ಬೇಕು. ಈ ಪತ್ರಿಕೆ ನಿಮ್ಮ ಕೈಗೆ ಕೊಟ್ಟ ಗೆಳೆಯರಿಗೆ ಹೆಸರು ಹೇಳಿ, ಅವರು ಕರೆತರುತ್ತಾರೆ.