ಸೇನೆಯ ಎಎಸ್‌ಸಿ ಎಂದರೆ ಬರೀ ಅಡುಗೆ ಕೆಲಸವೇ?

"ಎಎಸ್‌ಸಿ ಸೇರಿದರೆ ಬರೀ ಅಡುಗೆ ಕೆಲಸ, ಅಪಾಯವಿಲ್ಲ." ಸೇನಾ ಭರ್ತಿಗೆ ತಯಾರಾಗುವ ನಂಜನಗೂಡು, ತಿ. ನರಸೀಪುರದ ಹುಡುಗರೂ ಈ ಮಾತು ಕೇಳಿರಬಹುದು. ಇದು ಸುಳ್ಳು.

ಎಎಸ್‌ಸಿ ಎಂದರೆ ಆರ್ಮಿ ಸರ್ವಿಸ್ ಕೋರ್. 1760ರಿಂದ ತನ್ನ ಇತಿಹಾಸ ಎಣಿಸುವ ಈ ದಳ ಸೈನಿಕರಿಗೆ ಅಕ್ಕಿ, ಬೇಳೆ, ಡೀಸೆಲ್ ತಲುಪಿಸುತ್ತದೆ. ಲಾರಿ ಹತ್ತದ ಬೆಟ್ಟಗಳಿಗೆ ಹೇಸರಗತ್ತೆಗಳ ಮೇಲೆ ಸಾಗಿಸುತ್ತದೆ. ಇದರ ತರಬೇತಿ ಕೇಂದ್ರ ಮತ್ತು ಕಾಲೇಜು ನಮ್ಮ ಬೆಂಗಳೂರಿನಲ್ಲೇ ಇದೆ. ಅಲ್ಲಿ ಸರಬರಾಜು, ವಾಹನ ಚಾಲನೆಯ ಜೊತೆಗೆ ಬಂದೂಕು ಹಿಡಿಯುವುದನ್ನೂ ಕಲಿಸುತ್ತಾರೆ.

ಅಪಾಯವಿಲ್ಲವೇ? 1940ರಲ್ಲಿ ಈ ದಳದ ಹೇಸರಗತ್ತೆ ತುಕಡಿಗಳು ಫ್ರಾನ್ಸ್‌ನಲ್ಲಿದ್ದವು. ಒಂದು ತುಕಡಿಯ ಯೋಧರು ಜರ್ಮನ್ನರಿಗೆ ಸೆರೆಸಿಕ್ಕರು. ಊಟ, ಇಂಧನ ನಿಂತರೆ ಸೇನೆಯೇ ನಿಲ್ಲುತ್ತದೆ. ಅದಕ್ಕೇ ಶತ್ರುವಿನ ಕಣ್ಣು ಸರಬರಾಜು ದಾರಿಯ ಮೇಲೂ ಇರುತ್ತದೆ.

ಭರ್ತಿಯ ವಿವರಕ್ಕೆ ಸೇನೆಯ ಅಧಿಕೃತ ಜಾಲತಾಣವನ್ನೇ ನೋಡಿ, ಆಮೇಲೆ ಫಾರ್ವರ್ಡ್ ಮಾಡಿ ಎನ್ನುತ್ತೇವೆ ನಾವು.