ಬೆಳವಕ್ಕಿಯ ಕುಲ ಯಾವುದು?

ತುಳುನಾಡಿನ ನಮ್ಮೂರು ಕೆದಂಬಾಡಿಯಲ್ಲಿ ಅಡಿಕೆ ಹರವಿದ ಅಂಗಳದಂಚಿಗೆ ಬಂದು ಹುಲ್ಲಿನ ಬೀಜ ಹೆಕ್ಕುವ ಚುಕ್ಕೆ ಬೆಳವಕ್ಕಿಯನ್ನು ಕಾಣದವರು ಕಡಿಮೆ. ನಸುಗೆಂಪು ಎದೆ, ಕತ್ತಿನ ಹಿಂದೆ ಕಪ್ಪು ಪಟ್ಟಿ, ಅದರ ತುಂಬ ಬಿಳಿ ಚುಕ್ಕೆ. ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟು, ಅದನ್ನೇ ಗೂಡೆಂದು ನಂಬಿ ಎರಡು ಬಿಳಿ ಮೊಟ್ಟೆ ಇಟ್ಟುಬಿಡುತ್ತದೆ. ಸಲೀಂ ಅಲಿಯವರ ಪುಸ್ತಕ ಹಿಡಿದು ಹಕ್ಕಿ ಕಲಿತವರಿಗೆ ಇದು ಸ್ಟ್ರೆಪ್ಟೊಪೀಲಿಯ ಕುಲದ್ದು. ಈಗಿನ ಪಟ್ಟಿಗಳಲ್ಲಿ ಸ್ಪಿಲೊಪೀಲಿಯ. ಹೀಗೆ ಹೆಸರು ಬದಲಾದಾಗಲೆಲ್ಲ ಹಕ್ಕಿಪ್ರಿಯರು ಗೊಣಗುತ್ತಾರೆ. ಆ ಗೊಣಗಾಟದಲ್ಲಿ ಅರ್ಧ ನ್ಯಾಯವಿದೆ, ಅರ್ಧ ಇಲ್ಲ.

2001ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಬೆಳವಕ್ಕಿಗಳಲ್ಲಿ ಮೂರು ಕವಲು ತೋರಿಸಿತು. ನಮ್ಮ ಚುಕ್ಕೆ ಬೆಳವಕ್ಕಿ ಮತ್ತು ಬಯಲುಸೀಮೆಯ ಒಣನೆಲದ ಪುಟ್ಟ ಬೆಳವಕ್ಕಿ ಒಂದು ಕವಲು. ಮಡಗಾಸ್ಕರದ ಬೆಳವಕ್ಕಿ ಮತ್ತು ಮಾರಿಷಸ್‌ನ ಗುಲಾಬಿ ಪಾರಿವಾಳ ಇನ್ನೊಂದು. ಮಿಕ್ಕವು ಮೂರನೆಯದು. ಗುಲಾಬಿ ಪಾರಿವಾಳದ ಮೈಗಾತ್ರ, ಬಣ್ಣ ನೋಡಿ ಅದೊಂದಕ್ಕೇ ನೆಸೀನಸ್ ಎಂಬ ಕುಲ ಕಟ್ಟಿದ್ದರು. ದ್ವೀಪದಲ್ಲಿ ಒಂಟಿಯಾಗಿ ಬೆಳೆದ ಹಕ್ಕಿಯ ರೂಪವನ್ನು ನಂಬುವಂತಿಲ್ಲ. ತುಳುನಾಡಿನವರಿಗೆ ಇದು ಸುಲಭವಾಗಿ ಅರ್ಥವಾಗಬೇಕು: ಬಳಿ, ಅಂದರೆ ವಂಶ, ಗೊತ್ತಾಗುವುದು ಮುಖ ನೋಡಿ ಅಲ್ಲ, ತಾಯಿಯ ಕಡೆಯಿಂದ. ಆ ಅಧ್ಯಯನದ ಜೀನ್‌ಗಳಲ್ಲೂ ತಾಯಿಯಿಂದ ಬರುವ ಮೈಟೊಕಾಂಡ್ರಿಯದವು ಇದ್ದವು.

ಹೀಗೆ ನಂಟಸ್ತಿಕೆ ತಿಳಿದು ಹೆಸರು ಬದಲಾಯಿಸಿದರೆ ಅದು ತಿಳಿವಳಿಕೆಯ ಬದಲಾವಣೆ. ಅದಕ್ಕೆ ಗೊಣಗುವುದು ಸಲ್ಲ. ಆದರೆ ನಂಟಸ್ತಿಕೆ ನಿಸರ್ಗದ್ದು, ಕುಲದ ಗಡಿ ನಾವು ಎಳೆದದ್ದು. ಮೂರೂ ಕವಲನ್ನು ಒಂದೇ ಕುಲವೆಂದರೂ ತಪ್ಪಿಲ್ಲ, ಮೂರು ಕುಲವೆಂದರೂ ತಪ್ಪಿಲ್ಲ. ಪೆಸಿಫಿಕ್ ದ್ವೀಪಗಳ ನೆಲಪಾರಿವಾಳಗಳ ಕತೆಯಂತೂ ಇನ್ನೂ ವಿಚಿತ್ರ. ಗ್ಯಾಲಿಕೊಲಂಬ ಕುಲದಿಂದ ಬೇರ್ಪಡಿಸಿ ಅವಕ್ಕೆ ಅಲೊಪೀಸೀನಸ್ ಎಂದರು. ಆಮೇಲೆ 1855ರ ಪಾಂಪುಸಾನ ಎಂಬ ಹೆಸರೇ ಹಳೆಯದೆಂದು ಗೊತ್ತಾಗಿ ಮತ್ತೆ ಬದಲಾಯಿಸಿದರು. ಹಕ್ಕಿಯ ಬಗ್ಗೆ ಇದರಿಂದ ಹೊಸದೇನೂ ತಿಳಿಯಲಿಲ್ಲ. ಹಳೆಯ ಹೆಸರಿಗೇ ಮನ್ನಣೆ ಎಂಬ ನಿಯಮ ಇಲ್ಲದಿದ್ದರೆ ಗೊಂದಲ ಹೆಚ್ಚುತ್ತಿತ್ತು, ಒಪ್ಪುತ್ತೇನೆ. ಆದರೂ ಇಂಥ ಕಡತದ ಕೆಲಸಕ್ಕೆ ಸಂಶೋಧನೆಯ ಗೌರವ ಕೊಡಲು ಮನಸ್ಸಾಗುವುದಿಲ್ಲ.

ಅಪರೂಪದ ಕುಲವೆಂದರೆ ಸಂರಕ್ಷಣೆಗೆ ಬಲ ಬರುತ್ತದೆ ಎನ್ನುವವರಿದ್ದಾರೆ. ಗುಲಾಬಿ ಪಾರಿವಾಳ 1990ರ ಸುಮಾರಿಗೆ ಕಾಡಿನಲ್ಲಿ ಹತ್ತರಷ್ಟಕ್ಕೆ ಇಳಿದಿತ್ತು. ಪಂಜರದಲ್ಲಿ ಮರಿ ಮಾಡಿಸಿ ಕಾಡಿಗೆ ಬಿಟ್ಟರು. ಇಲಿ, ಬೆಕ್ಕು, ಭಾರತ ಮೂಲದ ಮುಂಗುಸಿ ಇವುಗಳ ಕಾಟ ತಡೆದರು. ಈಗ ನೂರಾರು ಇವೆ. ಕುಲದ ಹೆಸರು ಏನಿದ್ದರೂ ಆ ಕೆಲಸ ಹಾಗೆಯೇ ನಡೆಯಬೇಕಿತ್ತು.

ಗಡಿ ನಿಜಕ್ಕೂ ಮುಖ್ಯವಾಗುವುದು ಪ್ರಭೇದದ ಮಟ್ಟದಲ್ಲಿ. ನಮ್ಮ ತೋಟದೊಳಗೆ ತರಗೆಲೆ ಕೆದಕುತ್ತ, ಹೆಜ್ಜೆ ಕೇಳಿದ್ದೇ ನೆಲಕ್ಕೆ ತಾಗುವಂತೆ ಹಾರಿಹೋಗುವ ಪಚ್ಚೆ ಪಾರಿವಾಳವನ್ನು ಆಸ್ಟ್ರೇಲಿಯದ್ದರಿಂದ ಬೇರ್ಪಡಿಸಿಯಾಗಿದೆ. ಭಾರತದ ಚುಕ್ಕೆ ಬೆಳವಕ್ಕಿಯನ್ನೂ ಕೆಲವು ಪಟ್ಟಿಗಳು ಬೇರೆ ಪ್ರಭೇದವೆಂದೇ ಎಣಿಸುತ್ತವೆ. ಹೀಗೆ ಒಂದು ಎರಡಾದಾಗ ಹಳೆಯ ದಾಖಲೆ ಯಾವುದಕ್ಕೆ ಸೇರಿದ್ದೆಂದು ತಿಳಿಯುವುದು ಬಹುಪಾಲು ಊರಿನಿಂದ. ಆದ್ದರಿಂದ ಹಕ್ಕಿ ಕಂಡು ಬರೆದಿಡುವವರು ಲ್ಯಾಟಿನ್ ಹೆಸರಿನ ಚಿಂತೆ ಬಿಟ್ಟು, ಕಂಡ ಜಾಗ ಮತ್ತು ದಿನಾಂಕವನ್ನು ತಪ್ಪದೆ ಬರೆಯಲಿ.